ಅಂಕ ಕೂಡಿಸಿದ ಮೇಲೆ ಡ್ಯೂಟಿ ರೋಸ್ಟರ್ ನೋಡಿ

ನರ್ಸಿಂಗ್ ವಿದ್ಯಾರ್ಥಿಗಳ ಜೀವನ ಗುಣಮಟ್ಟ ಅಳೆಯಲು ಹೊರಟವರು ಸಾಮಾನ್ಯವಾಗಿ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒಕ್ಯೂಒಎಲ್-ಬ್ರೆಫ್ ಪ್ರಶ್ನಾವಳಿ. ಒಟ್ಟು 26 ಪ್ರಶ್ನೆ, ಒಂದೊಂದಕ್ಕೂ 1ರಿಂದ 5 ಅಂಕ. ಹಿಂದಿನ ಎರಡು ವಾರ ಹೇಗಿತ್ತು ಅಂತ ನೆನೆದು ಉತ್ತರಿಸಬೇಕು. ಮೊದಲ ಎರಡು ಒಟ್ಟಾರೆ ಪ್ರಶ್ನೆಗಳು. ಉಳಿದವುಗಳಲ್ಲಿ ದೈಹಿಕ ವಿಭಾಗಕ್ಕೆ 7, ಮಾನಸಿಕಕ್ಕೆ 6, ಸಾಮಾಜಿಕ ಸಂಬಂಧಗಳಿಗೆ 3, ಪರಿಸರಕ್ಕೆ 8.

ಎಡವಟ್ಟಾಗುವುದು ಅಂಕ ಹಾಕುವಾಗ. ನೋವು, ಚಿಕಿತ್ಸೆಯ ಅವಲಂಬನೆ, ಬೇಸರ-ಆತಂಕ ಕೇಳುವ 3, 4 ಮತ್ತು 26ನೇ ಪ್ರಶ್ನೆಗಳಲ್ಲಿ ಮಾತ್ರ ಹೆಚ್ಚು ಅಂಕವೆಂದರೆ ಕೆಟ್ಟ ಸ್ಥಿತಿ, ಹಾಗಾಗಿ ಅವುಗಳ ಅಂಕ ತಿರುಗಿಸಬೇಕು, ಅಂದರೆ 6ರಿಂದ ಕಳೆಯಬೇಕು. ಮರೆತರೆ ಕುಗ್ಗಿಹೋದವರ ಅಂಕವೇ ಮೇಲೇರುತ್ತದೆ. ಕೆಲವು ಪ್ರತಿಗಳಲ್ಲಿ ತಿರುಗಿಸಿದ ಅಂಕವನ್ನೇ ಅಚ್ಚು ಹಾಕಿರುತ್ತಾರೆ, ಮೊದಲು ಅದನ್ನು ನೋಡಿಕೊಳ್ಳಿ. ವಿಭಾಗದ ಸರಾಸರಿಯನ್ನು 4ರಿಂದ ಗುಣಿಸಿದರೆ 4ರಿಂದ 20ರೊಳಗೆ ಅಂಕ ಬರುತ್ತದೆ. ನಾಲ್ಕು ವಿಭಾಗಗಳನ್ನೂ ಕೂಡಿಸಿ ಒಂದೇ ಮೊತ್ತ ಮಾಡಬೇಡಿ. ನಿದ್ದೆಗೆಟ್ಟ ಬ್ಯಾಚ್‌ಗೂ ಒಂಟಿತನದಲ್ಲಿ ನರಳುವ ಬ್ಯಾಚ್‌ಗೂ ಮೊತ್ತ ಒಂದೇ ಬಂದೀತು, ಆದರೆ ಎರಡಕ್ಕೂ ಬೇಕಾದ ಪರಿಹಾರ ಬೇರೆ.

ಹಾಳೆ ಯಾರು ಹಂಚುತ್ತಾರೆ ಅನ್ನುವುದೂ ಮುಖ್ಯ. ಹಾಜರಿಗೆ, ಇಂಟರ್ನಲ್ಸ್ ಅಂಕಕ್ಕೆ ಸಹಿ ಹಾಕುವ ಟ್ಯೂಟರ್ ಎದುರಿಗೇ ನಿಂತಿದ್ದರೆ ವಿದ್ಯಾರ್ಥಿಗಳು "ಎಲ್ಲ ಚೆನ್ನಾಗಿದೆ" ಅಂತಲೇ ಬರೆಯುತ್ತಾರೆ. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಬರೆಯುತ್ತಿದ್ದರು.

ಖಿನ್ನತೆಯ ತಪಾಸಣೆಗೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಕೊಡುವವರು ಇನ್ನೂ ಎಚ್ಚರ ವಹಿಸಬೇಕು. ಅದರ ಅಂಕ 0ರಿಂದ 27. 10 ಅಥವಾ ಹೆಚ್ಚು ಬಂದರೆ ತಜ್ಞರು ನೋಡಬೇಕು ಎಂದರ್ಥ, ರೋಗ ಖಚಿತವಾಯಿತು ಅಂತಲ್ಲ. ಆದರೆ 9ನೇ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಅಲ್ಲಿ ಸೊನ್ನೆ ಬಿಟ್ಟು ಬೇರೇನು ಬಂದರೂ ಅದೇ ದಿನ ಆ ವಿದ್ಯಾರ್ಥಿಯ ಜೊತೆ ಕೂತು ಮಾತಾಡಬೇಕು. ಹೆಸರಿಲ್ಲದ ಹಾಳೆಯಾದರೆ ಯಾರನ್ನು ಹುಡುಕುತ್ತೀರಿ? ಹಾಗಾಗಿ ಗುಪ್ತ ಸಂಕೇತವಿಟ್ಟು ಅದರ ಪಟ್ಟಿಯನ್ನು ಅಂಕ ಕೊಡದ ಒಬ್ಬ ಆಪ್ತಸಮಾಲೋಚಕರ ಬಳಿ ಮಾತ್ರ ಇಡಿ, ಅದನ್ನು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಿ. ಹಾಗೆ ನೋಡಿಕೊಳ್ಳುವವರು ಇಲ್ಲದಿದ್ದರೆ ಈ ಪ್ರಶ್ನಾವಳಿಯನ್ನು ಹಂಚಲೇಬಾರದು ಅನ್ನುವುದು ನಮ್ಮ ಖಚಿತ ಅಭಿಪ್ರಾಯ.

ಇನ್ನು, ಅಂಕ ಕಡಿಮೆ ಬಂದ ತಕ್ಷಣ ಒಂದು ದಿನದ ಯೋಗ ಶಿಬಿರ ಇಟ್ಟು ಕೈತೊಳೆದುಕೊಳ್ಳುವುದು ಬೇಡ. ಬ್ರೆಫ್‌ನ 16ನೇ ಪ್ರಶ್ನೆ ನಿದ್ದೆಯದು. ಅದೊಂದನ್ನೇ ಬೇರೆ ತೆಗೆದು, ಪಕ್ಕದಲ್ಲಿ ರೋಸ್ಟರ್ ಇಟ್ಟುಕೊಂಡು ನೋಡಿ. ನೈಟ್ ಡ್ಯೂಟಿ ಮುಗಿಸಿ ಬೆಳಗ್ಗೆ 8ಕ್ಕೆ ಹ್ಯಾಂಡೋವರ್ (ಮುಂದಿನ ಪಾಳಿಯವರಿಗೆ ರೋಗಿಗಳ ವಿವರ) ಕೊಟ್ಟವರಿಗೆ 10ಕ್ಕೆ ಥಿಯರಿ ಕ್ಲಾಸ್ ಇದೆಯೇ? ಸಂಜೆಯೊಳಗೆ ಕೇರ್ ಪ್ಲಾನ್ (ರೋಗಿಯ ಆರೈಕೆಯ ಯೋಜನೆ) ಬರೆದು ಒಪ್ಪಿಸಬೇಕೇ? ರಾತ್ರಿ ಎಚ್ಚರವಿದ್ದವರ ಹಗಲು ನಿದ್ದೆ ಮೊದಲೇ ಚಿಕ್ಕದು, ಬೆಳಕು ಮತ್ತು ಗದ್ದಲ ಅದನ್ನು ಇನ್ನಷ್ಟು ತುಂಡರಿಸುತ್ತವೆ. ಡ್ಯೂಟಿ ಮುಗಿಸಿದ ದಿನ ತರಗತಿ ಬೇಡ. ಹಾಸ್ಟೆಲಿನಲ್ಲಿ ನೈಟ್ ಡ್ಯೂಟಿಯವರಿಗೇ ದಪ್ಪ ಪರದೆಯ ಒಂದು ಕೋಣೆ ಬಿಡಿ. ಕಾಫಿಯಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ತಾಸು ಬೇಕು, ಹಾಗಾಗಿ ಕೊನೆಯ ಕಪ್ ಮಧ್ಯರಾತ್ರಿಯ ಆಸುಪಾಸಿನಲ್ಲೇ ಮುಗಿಯಲಿ.

ವಾರ್ಡಿನಲ್ಲಿ ಮೊದಲ ಸಾವು ಕಂಡ ವಿದ್ಯಾರ್ಥಿಯನ್ನು ಕೂಡಲೇ ಮುಂದಿನ ಬೆಡ್‌ಗೆ ಅಟ್ಟಬೇಡಿ. ಟ್ಯೂಟರ್ ಬದಿಗೆ ಕರೆದು ನೀರು ಕೊಟ್ಟು, ಏನಾಯಿತು, ಏನೇನು ಮಾಡಿದೆವು, ಯಾವುದು ನಮ್ಮ ಕೈಯಲ್ಲಿರಲಿಲ್ಲ ಅಂತ ಹತ್ತು-ಹದಿನೈದು ನಿಮಿಷ ಮಾತಾಡಲಿ. ಮಾತು ಬೇಡವೆಂದರೆ ಒತ್ತಾಯ ಬೇಡ, ಮಾರನೆಯ ದಿನ ಮತ್ತೊಮ್ಮೆ ವಿಚಾರಿಸಿ.