ಮುಳುಗದೆ ಉಳಿದ ಮನೆ

ಬಾಗಿಲು ದಾಟಿದ ಕೂಡಲೇ ಹೊಗೆ. ಕಣ್ಣುರಿ, ಕೆಮ್ಮು. ಲಂಡನ್ನಿಗೆ ಬಂದು ಆರು ವರ್ಷವಾಯಿತು, ಸೌದೆ ಹೊಗೆಯ ವಾಸನೆ ನನಗೆ ಮರೆತೇ ಹೋಗಿತ್ತು. ನಡುಮನೆಯ ಮಧ್ಯೆ ನೆಲದ ಮೇಲೇ ಬೆಂಕಿ ಹಾಕಿದ್ದರು. ಒಲೆ ಇಲ್ಲ, ಚಿಮಣಿ ಇಲ್ಲ, ಮೇಲೆ ಅಟ್ಟವೂ ಇಲ್ಲ. ಹೊಗೆ ತನ್ನ ಪಾಡಿಗೆ ತಾನು ಮಾಡಿನ ತನಕ ಏರಿ, ಹೆಂಚಿನ ಸಂದಿಯಲ್ಲಿ ದಾರಿ ಹುಡುಕಿಕೊಂಡು ಹೊರಗೆ ಹೋಗುತ್ತಿತ್ತು.

ಮನೆಯ ಹೆಸರು ಬೇಲೀಫ್. ವೆಸ್ಟ್ ಸಸೆಕ್ಸ್‌ನ ಸಿಂಗಲ್‌ಟನ್ ಎಂಬ ಹಳ್ಳಿಯ ಹತ್ತಿರ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಅಂತ ಒಂದು ಬಯಲು ಮ್ಯೂಸಿಯಂ ಇದೆ. ಬೇರೆಬೇರೆ ಊರುಗಳಲ್ಲಿ ನೆಲಸಮ ಆಗಬೇಕಿದ್ದ ಹಳೇ ಮನೆ, ಕೊಟ್ಟಿಗೆ, ಕಣಜಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಅಕ್ಟೋಬರಿನ ಒಂದು ಶನಿವಾರ ಚಿಚೆಸ್ಟರ್ ತನಕ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಹೋದೆ. ಮಳೆ ಬೇರೆ. ಸುಮ್ನೆ ಒಂದು ಸುತ್ತು ಹಾಕಿ ಬರೋಣ ಅಂತ ಹೋದವನು ಈ ಒಂದೇ ಮನೆಯಲ್ಲಿ ಎರಡು ಗಂಟೆ ಕೂತೆ.

1400ರ ದಶಕದ ಆರಂಭದಲ್ಲಿ ಕೆಂಟ್ ಸೀಮೆಯ ಚಿಡಿಂಗ್‌ಸ್ಟೋನ್ ಕಡೆ ಕಟ್ಟಿದ ರೈತನ ಮನೆ ಇದು. ಒಂದು ಕೊನೆಯ ಭಾಗ ಮಾತ್ರ ಸುಮಾರು ನೂರು ವರ್ಷ ಆಮೇಲಿನದು. ಉದ್ದಕ್ಕೆ ಒಂದೇ ಮಾಡು. ಎರಡೂ ಕೊನೆಗಳಲ್ಲಿ ಉಪ್ಪರಿಗೆ ಇದೆ, ಅದು ಕೆಳಗಿನ ಗೋಡೆಗಿಂತ ಮುಂದಕ್ಕೆ ಚಾಚಿಕೊಂಡಿದೆ. ನಡುಮನೆಗೆ ಉಪ್ಪರಿಗೆ ಇಲ್ಲದ ಕಾರಣ ಹೊರಗಿನಿಂದ ನೋಡಿದರೆ ಮಧ್ಯದ ಗೋಡೆ ಒಳಕ್ಕೆ ಸರಿದ ಹಾಗೆ ಕಾಣುತ್ತದೆ. ಕಿಟಕಿಗೆ ಗಾಜಿಲ್ಲ, ನೆಟ್ಟಗೆ ನಿಲ್ಲಿಸಿದ ಮರದ ಸರಳುಗಳು, ಒಳಗಡೆ ಹಲಗೆಯ ಮುಚ್ಚಳ, ಅಷ್ಟೇ. ಆ ದೇಶದ ಚಳಿಯಲ್ಲಿ! ಮೇಲೆ ಯಜಮಾನನ ಕೋಣೆಗೆ ಅಂಟಿಕೊಂಡೇ ಕಕ್ಕಸು, ಗೋಡೆಯಾಚೆ ಚಾಚಿದ ಗೂಡು, ಬಿದ್ದದ್ದು ನೇರ ಕೆಳಕ್ಕೆ. ಕೆಳಗೆ ಹೋಗುವಾಗ ಆ ಗೂಡಿನ ಕಡೆ ಸುಳಿಯದೆ ಬಂದೆ, ಸುಮ್ನೆ ಅಭ್ಯಾಸಬಲ.

ಬೆಂಕಿ ನೋಡಿಕೊಳ್ಳುತ್ತಿದ್ದ ಹೆಂಗಸು ಹಳೇ ಕಾಲದ ಉಡುಪು ತೊಟ್ಟಿದ್ದರು, ವಯಸ್ಸು ಎಪ್ಪತ್ತರ ಮೇಲೆ. ನಾನು ತಲೆ ಎತ್ತಿ ಮಾಡು ನೋಡುತ್ತಾ ನಿಂತದ್ದು ಕಂಡು ಅವರೇ ಮಾತಿಗೆ ಬಂದರು. ಓಕ್ ಮರವನ್ನು ಹಸಿಯಾಗಿರುವಾಗಲೇ ಕೆತ್ತುತ್ತಿದ್ದರಂತೆ. ಒಣಗಿದ ಓಕ್ ಕಲ್ಲಿನ ಹಾಗೆ, ಉಳಿ ಇಳಿಯೋದಿಲ್ಲ. ಒಂದು ತೊಲೆಯ ತುದಿಯನ್ನು ನಾಲಿಗೆಯ ಥರ ಕೆತ್ತಿ, ಇನ್ನೊಂದರ ಕುಳಿಯಲ್ಲಿ ಕೂರಿಸಿ, ಎರಡಕ್ಕೂ ಸೇರಿಸಿ ಮರದ ಗೂಟ ಹೊಡೆಯುತ್ತಾರೆ. ನಾಲಿಗೆಯ ತೂತನ್ನು ಬೇಕೆಂದೇ ಒಂಚೂರು ಆಚೀಚೆ ಕೊರೆದಿರುತ್ತಾರೆ, ಹಾಗಾಗಿ ಗೂಟ ಇಳಿದಷ್ಟೂ ತೊಲೆಗಳು ಒಂದನ್ನೊಂದು ಎಳೆದುಕೊಂಡು ಬಿಗಿಯಾಗುತ್ತವೆ. ಮೊಳೆಯ ಮಾತೇ ಇಲ್ಲ. ಆಮೇಲೆ ಕಂಬಗಳ ನಡುವೆ ತಡಿಕೆ ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತೋದು. ಇದನ್ನು ಅವರು ನನಗೆ ತುಂಬಾ ನಿಧಾನವಾಗಿ ಬಿಡಿಸಿ ಹೇಳಿದರು. ಸಗಣಿ ನೆಲದ ಮೇಲೆ ಮಲಗಿ ಬೆಳೆದವನು ಅಂತ ಅವರಿಗೇನು ಗೊತ್ತು ಪಾಪ!

ಬಡಗಿಗಳು ತಮ್ಮ ಅಂಗಳದಲ್ಲೇ ಇಡೀ ಚೌಕಟ್ಟನ್ನು ಒಮ್ಮೆ ಜೋಡಿಸಿ ನೋಡುತ್ತಿದ್ದರಂತೆ. ಸರಿ ಬಂತು ಅಂದಮೇಲೆ ಒಂದೊಂದು ಸಂದಿಗೂ ಉಳಿಯಲ್ಲಿ ರೋಮನ್ ಅಂಕಿ ಗೀರಿ, ಬಿಚ್ಚಿ, ಮನೆ ಕಟ್ಟುವ ಜಾಗಕ್ಕೆ ಹೊತ್ತು, ಅಲ್ಲಿ ಮತ್ತೆ ಜೋಡಿಸೋದು. ಒಂಬತ್ತಕ್ಕೆ IX ಅಂತ ಬರೆಯದೆ V ಪಕ್ಕ ನಾಲ್ಕು ಗೀಟನ್ನೇ (VIIII) ಹಾಕುತ್ತಿದ್ದರು, ಇಲ್ಲದಿದ್ದರೆ ತೊಲೆ ತಿರುವಿದಾಗ ಒಂಬತ್ತೋ ಹನ್ನೊಂದೋ ಗೊತ್ತಾಗದು. ಅಂದರೆ ಇಂಥ ಮನೆ ಹುಟ್ಟುವಾಗಲೇ ಒಮ್ಮೆ ಬಿಚ್ಚಿ ಕಟ್ಟಿದ್ದು. ಐನೂರು ವರ್ಷದ ಮೇಲೆ ಇನ್ನೊಮ್ಮೆ ಬಿಚ್ಚಲು ಬಂದದ್ದು ಅದಕ್ಕೇ ಇರಬೇಕು.

ಯಾಕೆ ಬಿಚ್ಚಿದರು ಅಂತ ಕೇಳಿದೆ. ‘ಬೌ ಬೀಚ್ ಅನ್ನೋ ಜಲಾಶಯ ಬಂತು, ಹಾಗಾಗಿ 1968ರ ಹೊತ್ತಿಗೆ ಬಿಚ್ಚಿದರು’ ಅಂದರು. ಆಮೇಲೆ ಅವರು ಹೇಳಿದ್ದು ನನ್ನ ಕಿವಿಗೆ ಅಷ್ಟಾಗಿ ಬೀಳಲಿಲ್ಲ.

ನನ್ನ ಅಮ್ಮನ ತವರು ಶರಾವತಿ ಹಿನ್ನೀರಿನ ಕೆಳಗಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲೇ ಅಜ್ಜ ಮನೆ ಬಿಚ್ಚಿ, ಕಂಬ, ತೊಲೆ, ಬಾಗಿಲುಗಳನ್ನು ಲಾರಿಗೆ ಹೇರಿಸಿ, ಕೊಟ್ಟ ಜಾಗಕ್ಕೆ ಹೋಗಿ ಕಟ್ಟಿಕೊಂಡರು. ಯಾವ ಮ್ಯೂಸಿಯಮ್ಮೂ ಬರಲಿಲ್ಲ ಬಿಡಿ. ಆ ಸಿಟ್ಟು ಇಲ್ಲಿ ತೋರಿಸುವುದು ಸರಿಯಲ್ಲ, ಬೇಲೀಫ್ ಉಳಿದದ್ದು ನನಗೆ ನಿಜಕ್ಕೂ ಸಂತೋಷವೇ. ಆದರೂ ಒಂದು ಮಾತು. ಆಮೇಲಿನವರು ನಡುಮನೆಗೆ ಅಟ್ಟ ಹಾಕಿಸಿ, ಇಟ್ಟಿಗೆಯ ಚಿಮಣಿ ಕಟ್ಟಿಸಿ ನೂರಾರು ವರ್ಷ ಹೊಗೆಯಿಲ್ಲದೆ ಬದುಕಿದ್ದರು. ಮ್ಯೂಸಿಯಂನವರು ಅದನ್ನೆಲ್ಲ ಬಿಟ್ಟು, ಮನೆಯನ್ನು 1540ರ ಸುಮಾರಿಗೆ ಹೇಗಿತ್ತೋ ಹಾಗೆ ಕಟ್ಟಿದ್ದಾರೆ, ಕೊಳೆತ ಕಡೆ ಹೊಸ ಓಕ್ ಹಾಕಿದ್ದಾರೆ. ನೋಡೋಕೆ ಚಂದ, ನಿಜ. ಚಿಮಣಿ ಕಟ್ಟಿಸಿದ ದಿನ ಆ ಮನೆಯ ಹೆಂಗಸರಿಗೆ ಎಷ್ಟು ಖುಷಿಯಾಗಿತ್ತೋ, ಅದು ಮಾತ್ರ ಇಲ್ಲಿ ಕಾಣೋದಿಲ್ಲ. ನಮ್ಮ ಅಜ್ಜಿಯನ್ನು ಕೇಳಿದ್ದರೆ ಮೊದಲು ಚಿಮಣಿಯನ್ನೇ ತನ್ನಿ ಅಂತಿದ್ದಳು.

ರಾತ್ರಿ ಮನೆಗೆ ಬಂದರೂ ಆ ಅಂಕಿಗಳು ತಲೆಯಿಂದ ಹೋಗಲಿಲ್ಲ. ಜಾಕೆಟ್ ತುಂಬಾ ಹೊಗೆ ವಾಸನೆ. ಬೆಳಿಗ್ಗೆ ಊರಿಗೆ ಫೋನ್ ಮಾಡಿದೆ. ಮನೆ ಬಿಚ್ಚುವಾಗ ಸೋದರಮಾವನಿಗೆ ಎಂಟು ವರ್ಷ.

‘ಮಾವ, ಕಂಬಗಳ ಮೇಲೆ ಏನಾದರೂ ಗುರುತು ಕೆತ್ತಿದ್ರಾ?’

‘ಕೆತ್ತೋದೆಲ್ಲಿ ಮಾರಾಯ, ಇದ್ದಿಲಲ್ಲಿ ಬರೆದಿದ್ದು. ನಾನೇ ಬರೆದಿದ್ದೆ, ಅಪ್ಪ ಹೇಳಿದ ಹಾಗೆ, ಒಂದು ಎರಡು ಮೂರು ಅಂತ. ಲಾರಿ ಘಟ್ಟದಲ್ಲಿ ಕೆಟ್ಟು ನಿಂತು ಎರಡು ದಿನ ಮಳೇಲಿ ನೆನೀತು. ಇಳಿಸುವಾಗ ಒಂದು ಅಂಕಿನೂ ಇರ್ಲಿಲ್ಲ.’

‘ಮತ್ತೆ ಹೇಗೆ ಜೋಡಿಸಿದಿರಿ?’

‘ಅಂದಾಜಲ್ಲಿ. ಜಗಲಿಯ ಮೂರನೇ ಕಂಬದ ಕೆಳಗೆ ಮಾತ್ರ ಒಂದು ಕಲ್ಲು ಜಾಸ್ತಿ ಇದೆ ನೋಡು, ನೀನು ಚಿಕ್ಕೋನಿದ್ದಾಗ ಅದನ್ನ ಎಡವಿ ಹಲ್ಲು ಮುರ್ಕೊಂಡಿದ್ದೆಯಲ್ಲ, ಅದೇ.’