ಬೋರ್ಡಿನ ಮೇಲೆ ನಾನು ಎಳೆದ ಆ ಗೆರೆ

ಬಿ.ಎ. ಮೂರನೇ ಸೆಮ್, ಕೊನೆಯ ಪಿರಿಯಡ್. ಡಮಾಸ್ಕಸ್‌ನಿಂದ ಇಸ್ಲಾಮಿಕ್ ಸಾಮ್ರಾಜ್ಯ ಆಳಿದ ಉಮಯ್ಯದ್ ಮನೆತನದ ಖಲೀಫರ ಕಾಲದ ಅರಬ್ ಬುಡಕಟ್ಟು ಜಗಳದ ಪಾಠ. ಬೋರ್ಡಿನ ಮೇಲೆ ಅರೇಬಿಯಾ, ಸಿರಿಯಾದ ಮ್ಯಾಪ್ ಬರೆದು ನಡುವೆ ಒಂದು ಗೆರೆ ಎಳೆದೆ. ಮೇಲೆ ಖೈಸ್, ಕೆಳಗೆ ಯಮನ್, ಎರಡು ಬುಡಕಟ್ಟು ಪಕ್ಷಗಳು. ಉತ್ತರದವರು, ದಕ್ಷಿಣದವರು, ಇವರ ದ್ವೇಷ ರಕ್ತದಲ್ಲೇ ಬಂದದ್ದು ಅಂದೆ. ಹತ್ತು ವರ್ಷದಿಂದ ಇದೇ ಗೆರೆ. ಇಂಟರ್ನಲ್ ಟೆಸ್ಟಿಗೆ ಐದು ಮಾರ್ಕ್ಸಿನ ಉತ್ತರ ಸಲೀಸಾಗಿ ಸಿಗುತ್ತದೆ.

ಆಮೇಲೆ ಕ್ರಿ.ಶ. 684ರ ಮರ್ಜ್ ರಾಹಿತ್ ಯುದ್ಧ. ಡಮಾಸ್ಕಸ್ ಹತ್ತಿರದ ಬಯಲು. ಖಲೀಫ ಪಟ್ಟಕ್ಕೆ ನಿಂತಿದ್ದ ಉಮಯ್ಯದ್ ಮನೆತನದ ಮರ್ವಾನ್‌ನ ಬೆನ್ನಿಗೆ ಯಮನ್ ಪಕ್ಷದ ಕಲ್ಬ್ ಬುಡಕಟ್ಟು, ಎದುರಿಗೆ ದಹ್ಹಾಕ್ ಇಬ್ನ್ ಖೈಸ್ ಜೊತೆ ಖೈಸ್ ಬುಡಕಟ್ಟುಗಳು. ಬರೆಯುತ್ತಿದ್ದ ಹಾಗೇ ಮೂರನೇ ಬೆಂಚಿನ ಹುಡುಗಿ ಎದ್ದಳು.

"ಮೇಡಂ, ಕಲ್ಬ್‌ನವರು ಸಿರಿಯಾ ಮರುಭೂಮಿಯವರು ಅಂತ ಈಗ ತಾನೇ ಹೇಳಿದ್ರಿ. ಅದು ಗೆರೆಯಿಂದ ಮೇಲಿದೆಯಲ್ಲ, ಅವರು ದಕ್ಷಿಣದವರು ಹೇಗೆ?"

ಫ್ಯಾನ್ ಸದ್ದು ಬಿಟ್ಟರೆ ಕ್ಲಾಸಿನಲ್ಲಿ ಬೇರೆ ಸದ್ದಿಲ್ಲ. ನಾನು ಮ್ಯಾಪ್ ನೋಡಿದೆ, ಅವಳನ್ನು ನೋಡಿದೆ, ಮತ್ತೆ ಮ್ಯಾಪ್ ನೋಡಿದೆ. ಗೊತ್ತಿಲ್ಲ, ನೋಡಿಕೊಂಡು ಬರುತ್ತೇನೆ ಅನ್ನಬಹುದಿತ್ತು. "ಅದೊಂದು ಅಪವಾದ, ಪರೀಕ್ಷೆಗೆ ಬರಲ್ಲ, ಕೂತ್ಕೋ" ಅಂದುಬಿಟ್ಟೆ. ಅವಳು ಪೆನ್ನಿಗೆ ಕ್ಯಾಪ್ ಹಾಕಿ ಕೂತಳು.

ರಾತ್ರಿ ಪುಸ್ತಕ ತೆಗೆದು ಕೂತೆ. ಅಪವಾದ ಅಲ್ಲ, ಪಾಠವೇ ಅದು. ಕಲ್ಬ್ ಸೇರಿದ್ದು ಖುದಾಅ ಗುಂಪಿಗೆ, ಆ ಗುಂಪಿನ ಮೂಲ ಉತ್ತರದ ಮಅದ್ ವಂಶವೋ ದಕ್ಷಿಣದ ಹಿಮ್ಯರ್ ವಂಶವೋ ಅಂತ ವಂಶಾವಳಿ ಬರೆದವರಲ್ಲೇ ಒಮ್ಮತ ಇರಲಿಲ್ಲ. ದಹ್ಹಾಕ್ ಕೂಡ ಖೈಸ್ ಬುಡಕಟ್ಟಿನವನಲ್ಲ, ಮೆಕ್ಕಾದ ಖುರೈಷ್ ಬುಡಕಟ್ಟಿನವನು, ಖೈಸ್ ಅನ್ನುವುದು ಅವನ ಅಪ್ಪನ ಹೆಸರು. ಕಲ್ಬ್‌ನವರು ಸಿರಿಯಾದಲ್ಲಿ ಮೊದಲಿನಿಂದ ಇದ್ದವರು, ಖೈಸ್‌ನವರು ಆಮೇಲೆ ಉತ್ತರ ಸಿರಿಯಾದ ಖಿನ್ನಸ್ರೀನ್ ಕಡೆ ಬಂದು ನೆಲೆಸಿದವರು. ಮೊದಲ ಉಮಯ್ಯದ್ ಖಲೀಫ ಮುಆವಿಯಾ ಕಲ್ಬ್‌ನ ಮೈಸೂನಳನ್ನು ಮದುವೆಯಾದ, ಅವಳ ಮಗ ಯಜೀದ್ ಖಲೀಫನಾದ, ತವರಿನವರಿಗೆ ದರ್ಬಾರಿನಲ್ಲಿ ಹಿಡಿತ ಬಂತು. 683ರಲ್ಲಿ ಯಜೀದ್ ಸತ್ತ, ಅವನ ಮಗನೂ ಜಾಸ್ತಿ ದಿನ ಬದುಕಲಿಲ್ಲ. ಖೈಸ್‌ನವರು ಉಮಯ್ಯದರಿಗೆ ಎದುರಾಗಿ ಮೆಕ್ಕಾದಲ್ಲಿ ತಾನೇ ಖಲೀಫ ಅಂದ ಇಬ್ನ್ ಜುಬೈರ್ ಕಡೆ ವಾಲಿದರು. ಕಲ್ಬ್‌ನವರಿಗೆ ಉಮಯ್ಯದ್ ಮನೆತನ ಹೋದರೆ ಎಲ್ಲವೂ ಹೋದ ಹಾಗೆ. ಇದರಲ್ಲಿ ರಕ್ತ ಎಲ್ಲಿ ಬಂತು? ರಕ್ತ ಬಂದದ್ದು ಮರ್ಜ್ ರಾಹಿತ್‌ನಲ್ಲಿ ಖೈಸ್‌ನವರು ಸೋತ ನಂತರ, ಸತ್ತವರ ಸೇಡಿನ ಜೊತೆ. 686ರಲ್ಲಿ ಇರಾಕಿನ ಖಾಜಿರ್ ನದಿ ಹತ್ತಿರದ ಯುದ್ಧದಲ್ಲಿ ಉಮಯ್ಯದ್ ಸೈನ್ಯದ ಖೈಸ್ ದಂಡು ಸಮಯಕ್ಕೆ ಕೈಕೊಟ್ಟಿತು, ಮರ್ಜ್ ರಾಹಿತ್ ಅವರಿಗೆ ಮರೆತಿರಲಿಲ್ಲ.

ಇಷ್ಟಕ್ಕೆಲ್ಲ ಸಿಲಬಸ್‌ನಲ್ಲಿ ಎರಡೇ ಗಂಟೆ. ವರ್ಕ್‌ಲೋಡ್ ಜೊತೆಗೆ ಪಿಪಿಟಿ ಅಪ್‌ಲೋಡ್ ಮಾಡಿ, ಫೋಟೋ ಕಳಿಸಿ ಅನ್ನುವ ಮೆಸೇಜು ಬೇರೆ. ಓದಲು ಸಮಯ ಕೊಡಿ ಅಂದರೆ ಯಾರೂ ಕೇಳಲ್ಲ. ಆದರೆ ಅವಳನ್ನು ಕೂರಿಸಿದ್ದು ಸಿಲಬಸ್ ಅಲ್ಲ, ನಾನು.

ಮರುದಿನ ಗೆರೆ ಇಲ್ಲದ ಮ್ಯಾಪ್ ಬರೆದೆ. "ನಿನ್ನ ಪ್ರಶ್ನೆ ಸರಿ ಇತ್ತು ಕಣಮ್ಮ, ನಾನು ಹೇಳಿದ್ದು ತಪ್ಪು" ಅಂದೆ. ಅವಳು ಪೆನ್ನಿನ ಕ್ಯಾಪ್ ತೆಗೆದಳು.

ಹಳೇ ಬ್ಯಾಚಿನ ಕೆಲವರು ಈಗ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಾರೆ. ಆ ಗೆರೆ ಅವರ ನೋಟ್ಸಿನಲ್ಲೂ ಇದೆ. ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇನೆ.