ಹೊಸಬರ ಮಕ್ಕಳೇ ಮುಂದೆ
ಅಮೆರಿಕದ ರೀತಿಗೆ ಒಗ್ಗಿಕೊಂಡಷ್ಟೂ ವಲಸೆ ಬಂದವರ ಮಕ್ಕಳಿಗೆ ಲಸಿಕೆ ಸರಿಯಾಗಿ ಆಗುತ್ತದೆ ಅಂತ ನಾವು ಸುಮ್ನೆ ಅಂದುಕೊಂಡುಬಿಡುತ್ತೇವೆ. ಲಾಸ್ ಏಂಜಲೀಸ್‌ನ ಲ್ಯಾಟಿನೋ (ಮೆಕ್ಸಿಕೋದಂಥ ಲ್ಯಾಟಿನ್ ಅಮೆರಿಕ ದೇಶಗಳ ಮೂಲದ) ಕುಟುಂಬಗಳ ಬಗ್ಗೆ 1997ರಲ್ಲಿ ಬಂದ ಅಧ್ಯಯನವೊಂದು ಉಲ್ಟಾ ಹೇಳಿತ್ತು. ಅಲ್ಲಿನ ರೀತಿಗೆ ಕಡಿಮೆ ಒಗ್ಗಿದ್ದ ತಾಯಂದಿರ ಮಕ್ಕಳೇ ಲಸಿಕೆಯಲ್ಲಿ ಮುಂದಿದ್ದರು!

ನನಗಂತೂ ಇದು ವಿಚಿತ್ರ ಅನ್ನಿಸಲಿಲ್ಲ. ಮೆಕ್ಸಿಕೋದಲ್ಲಿ ಮಗು ಹುಟ್ಟಿದರೆ ಕ್ಷಯ ತಡೆಯುವ ಬಿಸಿಜಿ ಲಸಿಕೆ ಹಾಕುತ್ತಾರೆ, ಲಸಿಕೆ ಕಾರ್ಡೂ ಕೊಡುತ್ತಾರೆ. (ನಮ್ಮಲ್ಲೂ ಹಾಗೇ ಅಲ್ವಾ?) ಆ ಅಭ್ಯಾಸ ಗಡಿ ದಾಟಿದ ಕೂಡಲೇ ಬಿಟ್ಟುಹೋಗುವುದಿಲ್ಲ. "ಅವರಿಗೆ ತಿಳುವಳಿಕೆ ಕಮ್ಮಿ" ಅನ್ನುವುದು ಸೋಮಾರಿ ಮಾತು. ನಿಜವಾದ ತೊಡಕು ಭಾಷೆ, ದುಡ್ಡು, ರಜೆ. ಅಮೆರಿಕದಲ್ಲಿ ಇನ್ಶೂರೆನ್ಸ್ ಇಲ್ಲದ ಮಕ್ಕಳಿಗೆ ಉಚಿತ ಲಸಿಕೆ ಕೊಡುವ ಸರ್ಕಾರಿ ಯೋಜನೆ 1994ರಿಂದಲೇ ಇದೆ. ಆದರೆ ಅಲ್ಲಿ ನೆಲೆಸಲು ಕಾಗದಪತ್ರ ಇಲ್ಲದ ಎಷ್ಟೋ ಅಪ್ಪ ಅಮ್ಮಂದಿರು ಕ್ಲಿನಿಕ್‌ನಲ್ಲಿ ಹೆಸರು, ವಿಳಾಸ ಬರೆಸುವುದಕ್ಕೇ ಹೆದರುತ್ತಾರೆ.